ನಡುದಾರಿಯಲ್ಲಿ ನಿಂತ ಚಕ್ಕಡಿ

ಕಾಗವಾಡದ ಧರೆಪ್ಪನಿಗೆ ದ್ರಾಕ್ಷಿ ತೋಟ ಎರಡೂವರೆ ಎಕರೆ, ಅಭಿಮಾನ ಮಾತ್ರ ಇಡೀ ಊರಿಗೆ ಹಂಚಿದರೂ ಮಿಕ್ಕುವಷ್ಟು. ವಯಸ್ಸು ಅರವತ್ತೆರಡು. ಮೊದಲು ಆತ ಎತ್ತು ನೋಡುವ ಮನುಷ್ಯನಾಗಿದ್ದ. ಈ ಕಡೆ ಎತ್ತು ಕೊಳ್ಳುವವರು ಬಲ್ಲವನೊಬ್ಬನನ್ನು ಕರೆದುಕೊಳ್ಳದೆ ಸಂತೆಗೆ ಕಾಲಿಡುವುದಿಲ್ಲ. ಧರೆಪ್ಪ ಹಲ್ಲು ಹಿಡಿದು ನೋಡಿ, ಗೊರಸು ತಟ್ಟಿ, ನಾಲ್ಕು ಹೆಜ್ಜೆ ನಡೆಸಿ ಕೊನೆಗೆ ‘ಹೂಂ’ ಅಂದರೆ ವ್ಯಾಪಾರ ಆಯಿತು. ‘ಊಹೂಂ’ ಅಂದರೆ ಎಲ್ಲರೂ ಚಹಾ ಕುಡಿದು ಮನೆಗೆ. ಅದಕ್ಕಿಂತ ಹೆಚ್ಚಿಗೆ ಆತ ಮಾತು ಖರ್ಚು ಮಾಡುತ್ತಿರಲಿಲ್ಲ.

ಟ್ರ್ಯಾಕ್ಟರ್ ಬಂದವು, ಎತ್ತು ಕಡಿಮೆಯಾದವು. ಆದರೆ ನೋಡುವ ಚಟ ಎಲ್ಲಿಗೆ ಹೋಗಬೇಕು? ಹತ್ತು ವರ್ಷದ ಹಿಂದೆ ದ್ರಾಕ್ಷಿ ಕೈಹಿಡಿದ ಸಲ ಮನೆಗೊಂದು ಹೋಮ್ ಥಿಯೇಟರ್ ತಂದ. ತಂದವನು ಎಲ್ಲರಂತೆ ಸಿನಿಮಾ ನೋಡಿ ಸುಮ್ಮನಾಗಲಿಲ್ಲ. ಸ್ಪೀಕರನ್ನು ಗೇಣು ಸರಿಸಿ ಕೇಳಿದ, ಮೊಳ ಸರಿಸಿ ಕೇಳಿದ, ಕಿಟಕಿ ಮುಚ್ಚಿ ನೋಡಿದ, ತೆರೆದು ನೋಡಿದ. ಹೆಂಡತಿ ಅಕ್ಕವ್ವ ಒಂದು ವರ್ಷ ಬೈದು, ಆಮೇಲೆ ಬೈಯುವುದನ್ನೂ ಬಿಟ್ಟಳು. ಈಗ ಅಥಣಿಯಿಂದ ನಿಪ್ಪಾಣಿಯ ತನಕ ಯಾರ ಮನೆಗೆ ದೊಡ್ಡ ಟಿ.ವಿ.ಯೂ ಐದಾರು ಸ್ಪೀಕರೂ ಬಂದರೆ, ‘ಧರೆಪ್ಪ ಒಂದ್ಸಲ ನೋಡಿ ಹೋಗಲಿ’ ಅನ್ನುವುದು ವಾಡಿಕೆಯಾಗಿತ್ತು. ನೋಡಿದ್ದಕ್ಕೆ ಟೋಪಿ, ಟಾವೆಲ್, ಒಂದು ತೆಂಗಿನಕಾಯಿ. ಹಣ ಕೊಡಲು ಬಂದವರಿಗೆ ಆತ ಮುಖ ತಿರುಗಿಸುತ್ತಿದ್ದ.

ಆತನ ಅಂಗಿಯ ಒಳಜೇಬಿನಲ್ಲಿ ಒಂದು ಪೆನ್‌ಡ್ರೈವ್ ಇರುತ್ತಿತ್ತು. ಅದಕ್ಕೆ ಅಕ್ಕವ್ವ ಖಣದ ಚೂರಿನಿಂದ ಚೀಲ ಹೊಲಿದು ಕೊಟ್ಟಿದ್ದಳು. ಅದರಲ್ಲಿ ಸಿನಿಮಾಗಳ ಮೂರೇ ಮೂರು ತುಣುಕು. ಮೊದಲನೆಯದರಲ್ಲಿ ಸಂಜೆಗತ್ತಲಲ್ಲಿ ಕುರುಬನೊಬ್ಬ ಕರಿಕಂಬಳಿ ಹೊದ್ದು ನಡೆಯುತ್ತಾನೆ. ಕಂಬಳಿ ಬರೀ ಕರಿ ಮುದ್ದೆಯಾಗಿ ಕಂಡರೆ ಆ ಟಿ.ವಿ. ಫೇಲು, ನೇಯ್ಗೆ ಕಾಣಬೇಕು, ಅಂಚು ಕಾಣಬೇಕು, ಮುಖಕ್ಕೆ ಅರಿಶಿನ ಬಳಿದಂತಿರಬಾರದು. ಎರಡನೆಯದರಲ್ಲಿ ಒಬ್ಬ ತಾಯಿ ಮಗಳಿಗೆ ಅಡುಗೆಮನೆಯಲ್ಲಿ ಪಿಸುಗುಡುತ್ತಾಳೆ. ಸೌಂಡು ಏರಿಸದೆ ಆ ಮಾತು ತಿಳಿಯಬೇಕು. ಗುಡುಗು ಸಿಡಿಲನ್ನು ಯಾವ ಪೆಟ್ಟಿಗೆಯಾದರೂ ಕೇಳಿಸುತ್ತದೆ, ಮೆಲ್ಲಗಿನ ಮಾತಿನಲ್ಲೇ ಅದರ ಯೋಗ್ಯತೆ ಇರುವುದು ಅನ್ನುವುದು ಆತನ ಮತ. ಮೂರನೆಯದು ಎಲ್ಲಕ್ಕೂ ಕಠಿಣ. ಗೆಜ್ಜೆ ಕಟ್ಟಿದ ಎತ್ತಿನ ಚಕ್ಕಡಿಯೊಂದು ಎಡಗಡೆಯಿಂದ ಬಂದು, ಎದುರು ಹಾದು, ಬಲಭುಜದ ಪಕ್ಕದಿಂದ ಹಿಂದಕ್ಕೆ ದಾಟಿ ಹೋಗಬೇಕು.

ಈ ಸಲ ಕರೆದವನು ಏಕಸಂಬಿಯ ಈಶ್ವರ. ಅಕ್ಕವ್ವನ ಅಣ್ಣನ ಮಗ, ಕಬ್ಬಿನ ಹೊಲದವನು. ಹಿತ್ತಲ ಕಡೆ ಖಾಲಿ ಬಿದ್ದಿದ್ದ ಜೋಳದ ಕೋಣೆಯನ್ನೇ ಸಿನಿಮಾ ಕೋಣೆ ಮಾಡಿಸಿದ್ದ. ತವರೆಂದ ಮೇಲೆ ಅಕ್ಕವ್ವನೂ ಹೊರಟಳು. ಗಂಡನ ಮೋಟಾರ್ ಸೈಕಲ್ಲಿನ ಹಿಂದೆ ಕೂತು, ಕೃಷ್ಣೆಯ ಸೇತುವೆ ದಾಟಿ, ಕಬ್ಬಿನ ಟ್ರ್ಯಾಕ್ಟರುಗಳ ಧೂಳು ಕುಡಿದುಕೊಂಡು ಮಧ್ಯಾಹ್ನದ ಹೊತ್ತಿಗೆ ಮುಟ್ಟಿದರು.

ಕೋಣೆಯೊಳಗೆ ಕಾಲಿಟ್ಟ ಧರೆಪ್ಪ ಹುಬ್ಬೇರಿಸಿದ. ಗೋಡೆಗೆಲ್ಲ ಕರಿಕಂಬಳಿ ಬಿಗಿದಿತ್ತು. ಉಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಇದೆಲ್ಲ ಮಾಡಿದವಳು ಅಕ್ಕೋಳದ ಮಾಯಾ, ಕುರಿ ಕಾಯುವ ಮಾಳಸಿದ್ದನ ಮಗಳು. ಡಿಪ್ಲೊಮಾ ಓದಿ ಚಿಕ್ಕೋಡಿಯಲ್ಲಿ ಟಿ.ವಿ. ರಿಪೇರಿಯ ಅಂಗಡಿ ಇಟ್ಟು ಮೂರು ವರ್ಷವಾಗಿತ್ತು. ಇಷ್ಟು ದೊಡ್ಡ ಕೆಲಸ ಇದೇ ಮೊದಲು. ಬರಿಗೋಡೆಗೆ ದನಿ ಬಡಿದು ವಾಪಸು ಬರುತ್ತದೆ, ಉಣ್ಣೆ ಅದನ್ನು ನುಂಗುತ್ತದೆ, ಅದಕ್ಕೆ ಅಪ್ಪನ ಕಂಬಳಿ ತಂದೆ ಎಂದು ಆಕೆ ವಿವರಿಸಿದಳು. ಧರೆಪ್ಪ ಚಪ್ಪಾಳೆ ತಟ್ಟಿ ನೋಡಿದ. ದನಿ ವಾಪಸು ಬರಲಿಲ್ಲ. ಹುಡುಗಿಯ ಬಗ್ಗೆ ಆತನಿಗೆ ಒಳಗೊಳಗೇ ಖುಷಿಯಾಯಿತು, ಆದರೆ ತೋರಿಸಿಕೊಳ್ಳಲಿಲ್ಲ.

ಈಶ್ವರ ಆತನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ವಿಷಯ ಹೇಳಿದ. ಹೆಣ್ಣುಮಗಳಿಗೆ ಈ ಕೆಲಸ ಕೊಟ್ಟಿದ್ದಕ್ಕೆ ಊರಲ್ಲಿ ನಾಲ್ಕು ಜನ ಆಡಿಕೊಳ್ಳುತ್ತಿದ್ದರು. ಮಾಮಾ ‘ಹೂಂ’ ಅಂದರೆ ಏಕಸಂಬಿಯಲ್ಲೇ ಇನ್ನೆರಡು ಮನೆಯವರು ಮಾಯಾಳನ್ನು ಕರೆಯಲು ತಯಾರಿದ್ದಾರೆ. ‘ಊಹೂಂ’ ಅಂದರೆ ಎಲ್ಲ ಬಿಚ್ಚಿಸಿ ವಾಪಸು ಕಳಿಸುವುದೇ. ಅಷ್ಟಾದ ಮೇಲೆ ಆಕೆಯನ್ನು ರೇಡಿಯೊ ರಿಪೇರಿಗೂ ಯಾರೂ ಕರೆಯಲಾರರು. ಧರೆಪ್ಪ ತಲೆಯಾಡಿಸಿ ನಡುವಿನ ಕುರ್ಚಿಯಲ್ಲಿ ಕೂತ. ಮನೆಯವರೆಲ್ಲ ಹಿಂದೆ ಚಾಪೆಯ ಮೇಲೆ ಕೂತರು. ಅಕ್ಕವ್ವ ಎಂದಿನಂತೆ ಆತನ ಎಡಗಡೆ, ಬಾಗಿಲ ಹತ್ತಿರ, ಮಣೆ ಹಾಕಿಕೊಂಡಳು.

ಮೊದಲನೆಯ ತುಣುಕು ಶುರುವಾಯಿತು. ಸಂಜೆಗತ್ತಲಲ್ಲಿ ಕಂಬಳಿಯ ಎಳೆ ಎಳೆ ಕಂಡಿತು. ಅಂಚಿನಲ್ಲೊಂದು ಕಡೆ ಹರಿದು ಹೊಲಿದ ಗುರುತಿತ್ತು. ಹತ್ತು ವರ್ಷದಿಂದ ನೋಡುತ್ತಿದ್ದರೂ ಆ ಹೊಲಿಗೆ ಧರೆಪ್ಪನ ಕಣ್ಣಿಗೆ ಬಿದ್ದಿರಲಿಲ್ಲ. ಎರಡನೆಯದರಲ್ಲಿ ತಾಯಿಯ ಪಿಸುಮಾತು ಪಕ್ಕದಲ್ಲೇ ಕೂತು ಆಡಿದಷ್ಟು ಸ್ವಚ್ಛ. ಹಿಂದೆ ಯಾರೋ ಹೆಂಗಸು ಮೂಗೊರೆಸಿಕೊಂಡಳು. ಮಾಯಾ ಗೋಡೆಗೆ ಒರಗಿ ನಿಂತು ಆತನ ಮುಖವನ್ನೇ ನೋಡುತ್ತಿದ್ದಳು.

ಮೂರನೆಯದು. ಎಡಗಡೆಯಿಂದ ಗೆಜ್ಜೆಯ ಸದ್ದು ಬಂತು, ಗಾಲಿಯ ಕಿರುಗುಟ್ಟುವಿಕೆ ಬಂತು, ಎತ್ತಿನ ಉಸಿರೂ ಬಂತು. ಚಕ್ಕಡಿ ಎದುರಿಗೆ ಬಂದು ಅಲ್ಲೇ ಮಂಕಾಯಿತು. ಬಲಭುಜದ ಪಕ್ಕದಿಂದ ಏನೂ ದಾಟಲಿಲ್ಲ. ಧರೆಪ್ಪ ಮತ್ತೆ ಹಾಕಿಸಿದ. ಮತ್ತೆ ಅದೇ.

“ಚಕ್ಕಡಿ ನಡುದಾರ್ಯಾಗ ನಿಂತೈತಿ,” ಅಂದ. “ಬಲಗಡೆ ಸ್ಪೀಕರ್ ಸತ್ತೈತಿ.”

ಈಶ್ವರ ಕೂಡಲೇ ತನಗೂ ಹಾಗೇ ಅನ್ನಿಸಿತ್ತು ಎಂದ. ಆತನ ತಮ್ಮನೂ ಹೌದೆಂದ. ಚಾಪೆಯ ಮೇಲಿದ್ದ ಒಬ್ಬೊಬ್ಬರಿಗೂ ಈಗ ನೆನಪಾಗಿ, ಬಲಗಡೆಯಿಂದ ಏನೂ ಕೇಳಿಸಲೇ ಇಲ್ಲವೆಂದು ತಮ್ಮತಮ್ಮಲ್ಲೇ ಒಪ್ಪಿಕೊಂಡರು. ಮಾಯಾ ಮಾತ್ರ ಸ್ಪೀಕರಿಗೆ ಕಿವಿಯಿಟ್ಟು ಕೇಳಿ, ಏನೂ ಅನ್ನದೆ ಅದರ ವೈರು ಬಿಚ್ಚಿ ಬೇರೆ ಹಾಕಿದಳು. ಚಕ್ಕಡಿ ಮತ್ತೆ ಬಂತು, ಮತ್ತೆ ನಿಂತಿತು.

ಆಗ ಧರೆಪ್ಪನಿಗೆ ತನ್ನ ಹಳೆಯ ವಿದ್ಯೆ ನೆನಪಾಯಿತು. ಜೋಡಿಯಲ್ಲಿ ಬಲಗಡೆಯ ಎತ್ತು ಹಿಂದೆ ಬಿದ್ದರೆ ತಿಳಿದವನು ಅದನ್ನು ಹೊಡೆಯುವುದಿಲ್ಲ. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕಟ್ಟಿ ನೋಡುತ್ತಾನೆ. ಸೋಲುವ ಎತ್ತು ಎಡಕ್ಕೆ ಬಂದ ಮೇಲೂ ಸೋತರೆ ದೋಷ ಎತ್ತಿನದು. ಎತ್ತು ಬದಲಾದರೂ ಬಲಗಡೆಯೇ ಸೋತರೆ ದೋಷ ಎತ್ತಿನದಲ್ಲ, ನೊಗದ್ದು. ಎಡಬಲದ ಎರಡೂ ಸ್ಪೀಕರ್ ಅದಲು ಬದಲು ಮಾಡು ಎಂದು ಆತ ಹೇಳಿದ. ಮಾಯಾ ಬೆವರು ಒರೆಸಿಕೊಂಡು ಆ ಭಾರದ ಪೆಟ್ಟಿಗೆಗಳನ್ನು ಎತ್ತಿ ಬದಲಿಸಿದಳು. ಸತ್ತದ್ದು ಅನ್ನಿಸಿಕೊಂಡ ಸ್ಪೀಕರು ಎಡಕ್ಕೆ ಬಂದು ಗಣಗಣ ಎಂದು ಗೆಜ್ಜೆ ಕೇಳಿಸಿತು. ಅಷ್ಟು ಹೊತ್ತೂ ಚೆನ್ನಾಗಿದ್ದುದು ಬಲಕ್ಕೆ ಹೋಗಿ ಮೂಕಾಯಿತು.

ಧರೆಪ್ಪ ಮಾಯಾಳ ಕಡೆ ನೋಡಿದ. ಆಕೆ ಆತನನ್ನು ಒಂದು ಗಳಿಗೆ ನೋಡಿ ಕಣ್ಣು ತಗ್ಗಿಸಿದಳು. ಆ ನೋಟ ಆತನಿಗೆ ಗೊತ್ತಿತ್ತು. ಕಣ್ಣು ಹೋದ ಎತ್ತನ್ನು ಪ್ರೀತಿಯಿಂದ ಸಾಕಿದ ಮಾಲೀಕನ ಮುಂದೆ, ಹೇಳಲಾರದೆ, ತಾನೇ ಎಷ್ಟೋ ಸಲ ಹಾಗೆ ನೆಲ ನೋಡಿದ್ದುಂಟು.

“ನಂದ ಎಲ್ಲೋ ತಪ್ಪ ಆಗಿರಬೇಕ್ರಿ ಕಾಕಾ,” ಅಂದಳು ಮಾಯಾ. “ಇವನ್ನೆಲ್ಲಾ ಬಿಚ್ಚಿ ಒಯ್ತೀನ್ರಿ.”

ಆಕೆ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು. ತಿಳಿದೂ ತಿಳಿದೂ ಈ ಹುಡುಗಿ ತನ್ನ ಹೆಸರನ್ನು ಕೆಡಿಸಿಕೊಂಡು ಈತನ ಹೆಸರನ್ನು ಉಳಿಸಲು ಹೊರಟಿದ್ದಳು. ಆತ ಸುಮ್ಮನೆ ಕೂತರೆ ಸಾಕಿತ್ತು. ಟೋಪಿ ಟಾವೆಲ್ ಬರುತ್ತಿತ್ತು, ಊಟವಾಗುತ್ತಿತ್ತು, ಅಥಣಿಯಿಂದ ನಿಪ್ಪಾಣಿಯ ತನಕ ಧರೆಪ್ಪ ಧರೆಪ್ಪನೇ ಆಗಿರುತ್ತಿದ್ದ. ಒಂದು ಗಳಿಗೆ ಹಾಗೇ ಕೂತ ಕೂಡ. ಸುಳ್ಳು ಯಾಕೆ ಹೇಳಬೇಕು, ಎರಡು ಗಳಿಗೆ ಕೂತ.

ಆಮೇಲೆ ಎದ್ದ. ಕುರ್ಚಿಯನ್ನು ತಿರುಗಿಸಿ, ಪರದೆಗೆ ಬೆನ್ನು ಮಾಡಿ ಕೂತು, ಕಣ್ಣು ಮುಚ್ಚಿ, ಮತ್ತೊಮ್ಮೆ ಹಾಕಲು ಹೇಳಿದ. ಚಾಪೆಯ ಮೇಲಿನವರು ಇದು ಯಾವ ಹೊಸ ಪರೀಕ್ಷೆ ಎಂದು ಬಾಯಿ ಬಿಟ್ಟುಕೊಂಡು ನೋಡಿದರು. ಈ ಸಲ ಚಕ್ಕಡಿ ಎಲ್ಲಿಂದಲೂ ಬರಲೇ ಇಲ್ಲ. ನಡುದಾರಿಯಲ್ಲೇ ಹುಟ್ಟಿತು, ಅಲ್ಲಿಂದ ಎಡಗಿವಿಯ ಪಕ್ಕ ಗಣಗಣ ಅನ್ನುತ್ತ ಹೊರಟುಹೋಯಿತು. ಈಗಷ್ಟೇ ಮೂಕಾಗಿದ್ದ ಸ್ಪೀಕರು ಹಾಡುತ್ತಿತ್ತು. ಧರೆಪ್ಪನಿಗೆ ಒಂದೊಂದೇ ತಿಳಿಯಿತು. ಬೇರೆ ಮನೆಗಳಲ್ಲಿ ಬಲಗಡೆಯ ದನಿ ಬರಿಗೋಡೆಗೆ ಬಡಿದು ಎಡಗಿವಿಗೆ ಬಂದು ಮುಟ್ಟುತ್ತಿತ್ತು, ಇಲ್ಲಿ ಕಂಬಳಿ ಅದನ್ನು ನುಂಗಿತ್ತು. ಫೋನು ಯಾವಾಗಿನಿಂದಲೋ ಎಡಗಿವಿಗೆ ಬಂದಿತ್ತು. ಬಲಮಗ್ಗುಲಿನ ಹೊಲದ ದುರಗಪ್ಪ, ಎಷ್ಟು ಕೂಗಿದರೂ ಧರೆಪ್ಪ ಓಗೊಡುವುದಿಲ್ಲ, ಅವನಿಗೆ ಸೊಕ್ಕು ಬಂದಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಪಾಪ, ಅವನನ್ನು ಈತ ತಿರುಗಿ ಬೈದಿದ್ದ.

ಆತ ಕುರ್ಚಿಯನ್ನು ಮೊದಲಿನಂತೆ ತಿರುಗಿಸಿ ಕೂತ.

“ಈಶ್ವರಾ, ಸ್ಪೀಕರ್ ಎರಡೂ ಚಲೋ ಅದಾವ,” ಅಂದ. “ಸತ್ತದ್ದು ನನ್ನ ಬಲಗಿವಿ. ಈ ಹುಡಿಗಿ ಕೆಲಸಕ್ಕ ಹೆಸರಿಡಾಕ ನನಗ ಜಾಗಾ ಇಲ್ಲ.”

ಬಲಗಡೆಯಿಂದ ಏನೂ ಕೇಳಲಿಲ್ಲ ಎಂದವರೆಲ್ಲ ಚಾಪೆಯ ಎಳೆ ಕೀಳುತ್ತ ಕೂತರು. ಈಶ್ವರ ತನಗೆ ಮೊದಲೇ ಕೇಳಿಸಿತ್ತು, ಮಾಮಾನ ಮಾತಿಗೆ ಎದುರಾಡಬಾರದೆಂದು ಸುಮ್ಮನಿದ್ದೆ ಎಂದು ತೊದಲಿದ. ಧರೆಪ್ಪನಿಗೆ ನಗು ಬಂತು, ಅಳುವೂ ಬಂತು. ಇನ್ನು ಮೇಲೆ ನೋಡಲು ಬೇರೆ ಯಾರನ್ನಾದರೂ ಕರೆಯಿರಿ ಎನ್ನುತ್ತ ಪೆನ್‌ಡ್ರೈವ್ ತೆಗೆಯಲು ಎದ್ದ.

ಅಷ್ಟರಲ್ಲಿ ಅಕ್ಕವ್ವ ಎಡಗಡೆಯ ಮಣೆ ಎತ್ತಿಕೊಂಡು, ಎಲ್ಲರ ಮುಂದಿನಿಂದಲೇ ನಡೆದು ಬಂದು, ಗಂಡನ ಕುರ್ಚಿಯ ಬಲಗಡೆ ಕೂತಳು. ಆಗೀಗ ನೆಂಟರ ಮನೆಗಳಿಗೆ ಆತನ ಜೊತೆ ಹೋಗಿದ್ದರೂ ಆಕೆ ಬಾಗಿಲ ಬದಿ ಬಿಟ್ಟು ಮುಂದೆ ಬಂದವಳಲ್ಲ.

“ಹಚ್ಚವ್ವಾ ಇನ್ನೊಮ್ಮೆ,” ಅಂದಳು ಮಾಯಾಳಿಗೆ. ಗಂಡನ ಕಡೆ ತಿರುಗಿ, “ನೀವು ಅಲ್ಲೀ ತನಾ ತರ್ರಿ. ಅಲ್ಲಿಂದ ಮುಂದ ನಾ ಒಯ್ತೀನಿ,” ಅಂದಳು.

ಧರೆಪ್ಪ ಮತ್ತೆ ಕೂತ. ಚಕ್ಕಡಿ ಎಡಗಡೆಯಿಂದ ಬಂತು. ಧರೆಪ್ಪ ಅದನ್ನು ಎದುರಿನ ತನಕ ತಂದ. ಅದು ಮಂಕಾಗುತ್ತಿದ್ದಂತೆ ಅಕ್ಕವ್ವನ ಬೆರಳು ಆತನ ಬಲ ಮೊಣಕಾಲ ಮೇಲೆ ಬಿತ್ತು. ಗೆಜ್ಜೆಯ ಲೆಕ್ಕಕ್ಕೆ ಸರಿಯಾಗಿ ತಟ್ಟತೊಡಗಿತು, ಮೊದಲು ಜೋರಾಗಿ, ಆಮೇಲೆ ಮೆಲ್ಲಗೆ, ಕೊನೆಗೆ ತಟ್ಟಿತೋ ಇಲ್ಲವೋ ಅನ್ನುವಷ್ಟು. ನಂತರ ಬೆರಳು ನಿಂತಿತು. ಚಕ್ಕಡಿ ಬಲಭುಜದ ಹಿಂದಕ್ಕೆ ದಾಟಿ ಹೋಗಿತ್ತು. ಧರೆಪ್ಪನಿಗೆ ಅದು ಕಂಡಷ್ಟು ಸ್ಪಷ್ಟವಾಗಿ ಗೊತ್ತಾಯಿತು.

“ಹೂಂ,” ಅಂದ.

ಈಶ್ವರನ ಹೆಂಡತಿ ಟೋಪಿ, ಟಾವೆಲ್, ಕಾಯಿ ಇಟ್ಟ ತಾಟು ತಂದಳು. ಧರೆಪ್ಪ ಟಾವೆಲನ್ನು ಎತ್ತಿ ಮಾಯಾಳ ಹೆಗಲಿಗೆ ಹಾಕಿದ. ಟೋಪಿಯನ್ನು ಮನೆಗೆ ಒಯ್ದು ಮಾಳಸಿದ್ದನಿಗೆ ಕೊಡಲು ಹೇಳಿದ, ಕಂಬಳಿ ಅವನದಲ್ಲವೇ. ತೆಂಗಿನಕಾಯನ್ನು ಮಾತ್ರ ತಾನೇ ಇಟ್ಟುಕೊಂಡ. ಪೂರ್ತಿ ಬಿಟ್ಟುಕೊಡುವ ಜಾತಿಯ ಮನುಷ್ಯನಲ್ಲ ಆತ. ಮಾಯಾ ನಗಲು ಹೋಗಿ ಅತ್ತುಬಿಟ್ಟಳು, ಆಮೇಲೆ ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿದಳು. ಸಂಜೆಯ ಚಹಾದ ಹೊತ್ತಿಗೆ ಏಕಸಂಬಿಯ ಆ ಇನ್ನೆರಡು ಮನೆಯವರೂ ಬಂದು ಆಕೆಯ ನಂಬರು ಬರೆದುಕೊಂಡರು.

ಹೊತ್ತು ಇಳಿಯುವ ಮೊದಲೇ ಗಂಡ ಹೆಂಡಿರು ಹೊರಟರು. ಸೇತುವೆಯ ಈಚೆ, ಕಬ್ಬಿನ ಟ್ರ್ಯಾಕ್ಟರೊಂದು ದಾರಿ ಕಟ್ಟಿದ್ದರಿಂದ ಧರೆಪ್ಪ ಗಾಡಿ ಬಂದ್ ಮಾಡಿ ಕಾಲೂರಿ ನಿಂತ. ಊಟಕ್ಕೆ, ಬಸ್ಸಿಗೆ, ಮದುವೆಮನೆಯ ಪಂಕ್ತಿಗೆ, ಎಲ್ಲಿ ಹೋದರೂ ಆಕೆ ತನ್ನ ಎಡಗಡೆಯೇ ಕೂರುತ್ತಿದ್ದುದು ಈಗ ಆತನ ಕಣ್ಣ ಮುಂದೆ ಬಂತು. ಗಾಳಿಗೆ ಆ ಕಡೆ ಕೂರುತ್ತಾಳೆ ಎಂದುಕೊಂಡಿದ್ದ.

“ನಿನಗ ಗೊತ್ತಿತ್ತಲ್ಲಾ?”

“ಎರಡ ದೀಪಾವಳಿ ಆತು.”

“ಮತ್ತ ಯಾಕ ಹೇಳಲಿಲ್ಲ?”

“ಹೇಳೇನಿ,” ಅಂದಳು ಅಕ್ಕವ್ವ. “ದಿನಾ ಹೇಳೇನಿ. ಆ ಕಿವಿಗೇ ಹೇಳೇನಿ.”

ಧರೆಪ್ಪನಿಗೆ ಈಗ ಹೊಳೆಯಿತು. ಬಾಯಿಬಿಟ್ಟು ಹೇಳಿದರೆ ನೋಡುವ ಕೆಲಸ ಹೋಗುತ್ತದೆ, ಕೆಲಸ ಹೋದರೆ ಮನುಷ್ಯ ಮುದುಡುತ್ತಾನೆ ಎಂದು ಎರಡು ವರ್ಷ ಈಕೆ ಎಡಗಡೆ ಕೂತು ಕಾದಿದ್ದಳು. ಆ ಕಿವಿಗೆ ಇನ್ನೂ ಏನೇನು ಹೇಳಿದ್ದೀ ಎಂದು ಕೇಳಿದ. ಅಕ್ಕವ್ವ ನಕ್ಕು, ಅದು ಆ ಕಿವಿಗೆ ಗೊತ್ತು ಎಂದಳು.

ಮುಂದಿನ ಟ್ರ್ಯಾಕ್ಟರು ಸರಿಯಿತು. ಧರೆಪ್ಪ ಗಾಡಿ ಶುರು ಮಾಡುವ ಮೊದಲು ಅಕ್ಕವ್ವ ಆತನ ಹೆಗಲು ಹಿಡಿದು, ಬಲಗಡೆಗೆ ಬಾಗಿ, ಆ ಕಿವಿಯಲ್ಲಿ ಏನೋ ಅಂದಳು. ಬಿಸಿ ಉಸಿರು ತಾಗಿತು, ಮಾತು ಒಂದೂ ಕೇಳಲಿಲ್ಲ. ಹಲ್ಲು ನೋಡದೆ, ಗೊರಸು ತಟ್ಟದೆ, ನಾಲ್ಕು ಹೆಜ್ಜೆ ನಡೆಸದೆ, ಧರೆಪ್ಪ ‘ಹೂಂ’ ಅಂದ.