ನಲವತ್ತೊಂದು ಕಾಲಮ್ಮಿನ ವೈಫೈ

ಮಾರ್ಚ್ ನಾಲ್ಕನೆಯ ತಾರೀಖು, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಬೀಜಸಂಗ್ರಹಾಲಯದ ಉಪಕರಣ ತಂತ್ರಜ್ಞ ತನ್ನ ಅಕ್ಕನಿಗೆ ಮಾತು ಕೊಟ್ಟ: "ಒಂದು ವೈಫೈ ಅಡಾಪ್ಟರ್ ತಾನೇ ಅಕ್ಕಾ, ಮೂರು ದಿನ ಕೊಡು."

ಗಂಟೆ, ನಿಮಿಷ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ, ಕೊಟ್ಟ ಮಾತನ್ನೂ ಅವನು ದಿನಚರಿಯಲ್ಲಿ ಬರೆದಿಡುತ್ತಿದ್ದ. ಭೌತಶಾಸ್ತ್ರ ಓದಿಕೊಂಡವನು. ಚಹಾಕ್ಕೆ ಸಕ್ಕರೆ ಹಾಕುವಾಗಲೂ ಚಮಚವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತಿದ್ದುದರಿಂದ ಸ್ಟೋರ್ ಕೀಪರ್ ಅವನಿಗೆ 'ದಶಮಾಂಶ' ಎಂದು ಹೆಸರಿಟ್ಟಿದ್ದ. ಹೆಸರು ಅಂಟಿಕೊಂಡಿತ್ತು.

ಅಕ್ಕ ಅದೇ ಸಂಗ್ರಹಾಲಯದ ಶೀತಕೋಣೆಯನ್ನು ಹದಿನಾರು ವರ್ಷದಿಂದ ನೋಡಿಕೊಂಡು ಬಂದವಳು. ಮೈನಸ್ ಹದಿನೆಂಟು ಡಿಗ್ರಿಯ ಆ ಕೋಣೆಯಲ್ಲಿ ಹನ್ನೆರಡು ಉಷ್ಣಮಾಪಕಗಳಿದ್ದವು. ದಿನಕ್ಕೆ ನಾಲ್ಕು ಸಲ ಒಳಗೆ ಹೋಗಿ, ಒಂದೊಂದರ ಗುಂಡಿ ಒತ್ತಿ, ಅಂಕಿ ಬರೆದುಕೊಂಡು ಬರಬೇಕು. ದಪ್ಪ ಕೈಗವಸು ತೊಟ್ಟರೆ ಗುಂಡಿ ಕೈಗೆ ಸಿಗದು. ಬಿಚ್ಚಿದರೆ ಬೆರಳ ತುದಿಗಳು ಸೀಮೆಸುಣ್ಣದಂತೆ ಬೆಳ್ಳಗಾಗಿ ಅರ್ಧ ಗಂಟೆ ಮರಗಟ್ಟುತ್ತಿದ್ದವು. ಇನ್ನು ಒಳಗೆ ಕಾಲಿಡಕೂಡದೆಂದು ವೈದ್ಯೆ ಚೀಟಿ ಬರೆದಿದ್ದರು. ಚೀಟಿ ಓದಿದ ಮೇಲ್ವಿಚಾರಕಿ, ತಿಂಗಳ ಕೊನೆಯೊಳಗೆ ಹೊರಗಿನಿಂದಲೇ ಅಂಕಿ ಓದುವ ಏರ್ಪಾಡಾಗದಿದ್ದರೆ ಅಕ್ಕನನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕುವುದಾಗಿ ಹೇಳಿಬಿಟ್ಟರು. ಯಾವ ಬೀಜ ಯಾವ ತಟ್ಟೆಯಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳಬಲ್ಲ ಅಕ್ಕನಿಗೆ ದಿನವಿಡೀ ರಟ್ಟಿನ ಪೆಟ್ಟಿಗೆಗೆ ಟೇಪು ಅಂಟಿಸುವ ಯೋಚನೆಯೇ ಉಸಿರು ಕಟ್ಟಿಸುತ್ತಿತ್ತು.

ಹಾಗೆ ನೋಡಿದರೆ ಏರ್ಪಾಡು ಮುಕ್ಕಾಲು ಪಾಲು ಆಗಿಯೇ ಇತ್ತು. ಮಾಪಕಗಳಲ್ಲಿ ವೈಫೈ ಇತ್ತು. ಅಂಕಿ ಓದುವ ಪ್ರೋಗ್ರಾಂ ತಮ್ಮನ ಅಂಗೈ ಕಂಪ್ಯೂಟರಿನಲ್ಲಿತ್ತು; ಕನ್ನಡಕದ ಡಬ್ಬಿಯಷ್ಟು ದೊಡ್ಡದಾದ, ಲಿನಕ್ಸ್ ತಂತ್ರಾಂಶದಿಂದ ಓಡುವ ಯಂತ್ರ ಅದು. ಅದಕ್ಕಿಲ್ಲದ್ದು ವೈಫೈ ಒಂದೇ. ಯುಎಸ್‌ಬಿ ಕಿಂಡಿಗೆ ಒಂದು ಅಡಾಪ್ಟರ್ ಚುಚ್ಚಿದರೆ ಕೆಲಸ ಮುಗಿಯಬೇಕು.

ಮುಗಿಯಲಿಲ್ಲ. ಮೂರನೆಯ ದಿನ ದಶಮಾಂಶನ ಮೇಜಿನ ಮೇಲೆ ಅಡಾಪ್ಟರಿನ ಬದಲು ಒಂದು ಕೋಷ್ಟಕವಿತ್ತು. ಐದು ಅಡಾಪ್ಟರುಗಳು, ನಲವತ್ತೊಂದು ಕಾಲಮ್ಮುಗಳು.

"ಅಷ್ಟೊಂದು ಯಾಕ್ ಸಾರ್? ಎರಡು ಕೊಂಬಿರೋದನ್ನ ತಗೊಂಡ್ಬಿಡಿ, ನೋಡೋಕೂ ಗತ್ತಾಗಿದೆ," ಎಂದ ಸ್ಟೋರ್ ಕೀಪರ್.

"ಅದು ಆಂಟೆನಾ, ಕೊಂಬಲ್ಲ."

"ಎಮ್ಮೆಗೂ ಇರೋದು ಅದೇ ಇರ್ಬೇಕು, ಬಿಡಿ."

ಕೊಂಬಿನದನ್ನು ಚುಚ್ಚಿದೊಡನೆ ಅಂಗೈ ಕಂಪ್ಯೂಟರ್ ಆರಿ ಹೋಗಿ ಮತ್ತೆ ಮೊದಲಿನಿಂದ ಶುರುವಾಯಿತು; ಅಷ್ಟು ವಿದ್ಯುತ್ ಕೊಡುವ ತ್ರಾಣ ಪುಟ್ಟ ಯಂತ್ರಕ್ಕಿರಲಿಲ್ಲ. ಎರಡನೆಯದರ ಡಬ್ಬಿಯ ಮೇಲೆ ಲಿನಕ್ಸಿಗೂ ಒಗ್ಗುತ್ತದೆಂದು ಬರೆದಿತ್ತು, ಒಗ್ಗಿಸುವ ತಂತ್ರಾಂಶ ಮಾತ್ರ ಸಿಡಿಯಲ್ಲಿತ್ತು. ಅಂಗೈಯಷ್ಟಿರುವ ಯಂತ್ರದೊಳಕ್ಕೆ ಅಂಗೈಗಿಂತ ದೊಡ್ಡ ಸಿಡಿ ತುರುಕುವುದು ಹೇಗೆಂದು ಡಬ್ಬಿ ಹೇಳಿರಲಿಲ್ಲ. ಮೂರನೆಯದು ವೈಫೈ ಹಿಡಿಯಲೇ ಇಲ್ಲ; ಅದರ ಬಗ್ಗೆ ಅಂತರ್ಜಾಲದಲ್ಲಿ ಇದೇ ತೊಂದರೆ ಪಟ್ಟ ಪುಣ್ಯಾತ್ಮನೊಬ್ಬ ಹನ್ನೊಂದು ಪುಟ ಗೋಳಾಡಿ, ಕೊನೆಗೆ "ಸರಿಹೋಯ್ತು, ಎಲ್ಲರಿಗೂ ಧನ್ಯವಾದ" ಎಂದು ಬರೆದು ಮಾಯವಾಗಿದ್ದ. ಉಳಿದವು ಎರಡು: ಬೆಂಕಿಪೊಟ್ಟಣದಷ್ಟು ದಪ್ಪದ್ದೊಂದು, ಹೆಬ್ಬೆರಳ ಉಗುರಿನಷ್ಟು ಚಿಕ್ಕದೊಂದು. ಎರಡೂ ಚುಚ್ಚಿದ ಕೂಡಲೇ ಕೆಲಸ ಮಾಡಿದವು. ಇದು ದಶಮಾಂಶನನ್ನು ಇನ್ನಷ್ಟು ಚಿಂತೆಗೆ ಹಚ್ಚಿತು.

ಒಂದು ಮಾಪಕವನ್ನು ತನ್ನ ಬೆಚ್ಚಗಿನ ಕೋಣೆಗೆ ತರಿಸಿ, ಮೇಜಿನ ಮೇಲೆ ಸರಿಯಾಗಿ ಒಂದು ಮೀಟರ್ ದೂರದಲ್ಲಿಟ್ಟು, ಎರಡರ ಸಿಗ್ನಲ್ ಬಲವನ್ನೂ ಬೆಳಿಗ್ಗೆ ಸಂಜೆ ಅಳೆದ. ಎರಡು ವಾರ ಅಳೆದ. ಅಷ್ಟೂ ದಿನ ಅಕ್ಕ, ವೈದ್ಯೆಯ ಚೀಟಿಯಿದ್ದರೂ, ಕೈಗವಸು ಬಿಚ್ಚಿಕೊಂಡು ಒಳಗೆ ಹೋಗಿ ಬರುತ್ತಿದ್ದಳು.

"ಆಯ್ತೇನೋ?" ಮರಗಟ್ಟಿದ ಬೆರಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೇಳಿದಳು.

"ದಪ್ಪದ್ದು ನಾಲ್ಕು ಡೆಸಿಬೆಲ್ ಮುಂದಿದೆ ಅಕ್ಕಾ. ಆದ್ರೆ ಸಂಜೆ ಅಳತೆ ಸ್ವಲ್ಪ ಅಲ್ಲಾಡ್ತಿದೆ."

"ಚಿಕ್ಕವನಿದ್ದಾಗ ಚಡ್ಡಿ ಹಾಕ್ಕೊಳ್ಳೋಕೆ ಮೊದಲು ಯಾವ ಕಾಲು ಅಂತ ಯೋಚ್ನೆ ಮಾಡ್ತಾ ನಿಂತಿರ್ತಿದ್ದೆ. ಸ್ಕೂಲ್ ಬೆಲ್ ಹೊಡೆದ್ರೂ ನಿಂತೇ ಇರ್ತಿದ್ದೆ. ಏನೂ ಬದಲಾಗಿಲ್ಲ ಕಣೋ."

ಇಪ್ಪತ್ತೆಂಟನೆಯ ತಾರೀಖು ಶುಕ್ರವಾರ ದಪ್ಪ ಅಡಾಪ್ಟರ್ ಆಯ್ಕೆಯಾಗಿ, ಮೇಜಿನ ಮೇಲಿದ್ದ ಮಾಪಕ ಶೀತಕೋಣೆಗೆ ಮರಳಿತು. ಮಧ್ಯಾಹ್ನ ಶೀತಕೋಣೆಯ ಮುಂದೆ ಮೇಲ್ವಿಚಾರಕಿ, ಸ್ಟೋರ್ ಕೀಪರ್, ಅಕ್ಕ ಸೇರಿದರು. ದಶಮಾಂಶ ಕೋಷ್ಟಕವನ್ನು ಎಲ್ಲರಿಗೂ ಹಂಚಿ, ಮುಚ್ಚಿದ ಬಾಗಿಲಿನ ಎದುರು ನಿಂತು ಅಂಗೈ ಕಂಪ್ಯೂಟರಿನ ಕೀಲಿ ಒತ್ತಿದ.

ಪರದೆಯ ಮೇಲೆ ಒಂದು ಮಾಪಕವೂ ಬರಲಿಲ್ಲ.

ಬಾಗಿಲು ತೆರೆದರೆ ಹನ್ನೆರಡೂ ಬಂದವು, ಜೊತೆಗೆ ಅಪಾಯದ ಗಂಟೆಯೂ ಹೊಡೆದುಕೊಂಡಿತು. ಮುಚ್ಚಿದರೆ ಎರಡೂ ನಿಂತವು. ಆ ಬಾಗಿಲು ಎರಡು ಉಕ್ಕಿನ ತಗಡುಗಳ ನಡುವೆ ಗೇಣು ದಪ್ಪ ಫೋಮ್ ತುಂಬಿದ್ದು. ಅಲೆಗಳು ಅದರ ಮುಂದೆ ಹೋಗಿ ಕೈಕಟ್ಟಿ ನಿಂತುಬಿಡುತ್ತಿದ್ದವು.

"ಇದರಲ್ಲಿ ಬಾಗಿಲಿಗೆ ಯಾವ ಕಾಲಮ್ಮು?" ಮೇಲ್ವಿಚಾರಕಿ ಕೋಷ್ಟಕವನ್ನು ತಿರುಗಿಸಿ, ಹಿಂಬದಿಯನ್ನೂ ನೋಡಿದರು.

"ಬಾಗಿಲು..." ಎಂದ ದಶಮಾಂಶ. ಬಾಗಿಲಿನ ಬಳಿಗೆ ಅವನು ಈ ತಿಂಗಳು ಬಂದದ್ದು ಇವತ್ತೇ. ಇಲ್ಲಿ ಚಳಿ.

"ಹಾಗಾದ್ರೆ ಸೋಮವಾರದಿಂದ ಪ್ಯಾಕಿಂಗೇ ಗತಿ," ಎಂದರು ಮೇಲ್ವಿಚಾರಕಿ, ಅಕ್ಕನ ಮುಖ ನೋಡದೆ.

ಅಕ್ಕ ಬಾಗಿಲ ಪಕ್ಕದ ಗೋಡೆಯಲ್ಲಿ ಮಂಡಿಯೆತ್ತರಕ್ಕಿದ್ದ ತೂತಿನಿಂದ ಒಂದು ಸ್ಪಂಜಿನ ಬಿರಡೆ ಕಿತ್ತಳು. ಹಳೇ ಕಾಲದ ತಂತಿಗೆಂದು ಕೊರೆದದ್ದು. ತಂತಿ ಹೋದ ಮೇಲೆ ತೂತು ಅವಳೊಬ್ಬಳ ನೆನಪಿನಲ್ಲಿ ಉಳಿದಿತ್ತು.

"ಆ ಅಡಾಪ್ಟರ್ ಗುಬುಟನ್ನ ಯಂತ್ರಕ್ಕೇ ಚುಚ್ಚಬೇಕು ಅಂತ ಕಾನೂನಿದೆಯೇನೋ? ಒಂದು ವೈರ್ ಕಟ್ಟಿ ಇದರೊಳಗೆ ಇಳಿಬಿಡು. ಅದು ಚಳೀಲಿರಲಿ, ನಾವು ಹೊರಗಿರೋಣ."

"ಅಷ್ಟು ಚಳಿಯಲ್ಲಿ ಅದನ್ನ ಪರೀಕ್ಷೆ ಮಾಡಿಲ್ಲ ಅಕ್ಕಾ."

"ನನ್ನನ್ನೂ ಯಾರೂ ಪರೀಕ್ಷೆ ಮಾಡಿರಲಿಲ್ಲ, ಕಳಿಸ್ತಿದ್ರಿ."

ಸ್ಟೋರ್ ಕೀಪರ್ ಓಡಿ ಹೋಗಿ ಯುಎಸ್‌ಬಿ ವೈರ್ ತಂದ. ದಪ್ಪ ಅಡಾಪ್ಟರ್ ತೂತಿನ ಬಾಯಲ್ಲೇ ಸಿಕ್ಕಿಕೊಂಡಿತು. ನೇರ ಇಟ್ಟರೂ ಅಡ್ಡ ಇಟ್ಟರೂ ಒಳಗೆ ಹೋಗಲೊಲ್ಲದು. ನಾಲ್ಕು ಡೆಸಿಬೆಲ್ಲಿನಿಂದ ಸೋತಿದ್ದ, ಉಗುರಿನಷ್ಟು ಚಿಕ್ಕದು ಸಲೀಸಾಗಿ ಒಳಗೆ ಜಾರಿತು. ಪರದೆಯ ಮೇಲೆ ಹನ್ನೆರಡು ಅಂಕಿಗಳು ಒಂದರ ಕೆಳಗೊಂದು ಬಂದು ಕೂತವು.

ಮೇಲ್ವಿಚಾರಕಿ ವರ್ಗಾವಣೆಯ ಕಾಗದವನ್ನು ನಾಲ್ಕಾಗಿ ಮಡಚಿ ಕೈಚೀಲದಲ್ಲಿ ಹಾಕಿಕೊಂಡರು. ವರದಿ ಮಾತ್ರ ಬೇಕೆಂದರು: ಆಯ್ಕೆಗೆ ಆಧಾರವೇನೆಂದು ಸ್ಪಷ್ಟವಾಗಿ ಬರೆಯಬೇಕು.

ದಶಮಾಂಶ ನಲವತ್ತೊಂದು ಕಾಲಮ್ಮುಗಳ ಮೇಲೆ ಒಂದು ಗೆರೆ ಎಳೆದ. ಆಮೇಲೆ ಸ್ವೆಟರಿನ ಗುಂಡಿ ಹಾಕಿಕೊಂಡು ಬಾಗಿಲ ಪಕ್ಕ ಮಂಡಿಯೂರಿ ಕೂತು, ಅಕ್ಕ ಹಿಡಿದ ಟಾರ್ಚಿನ ಬೆಳಕಿನಲ್ಲಿ ಮೂರು ಸಲ ಅಳೆದು, ವರದಿ ಬರೆದ. ಅದರಲ್ಲಿದ್ದದ್ದು ಒಂದೇ ಸಾಲು: ತೂತಿನ ವ್ಯಾಸ ಇಪ್ಪತ್ತೆರಡು ಮಿಲಿಮೀಟರ್.