ಸಿಂದಗಿಯಲ್ಲಿ ಕೊನೆಯ ಪೆಟ್ರೋಲ್

೨೦೦೧ರಲ್ಲಿ ಸಿಂದಗಿಯ ನಮ್ಮ ಕಂಪ್ಯೂಟರ್ ಕ್ಲಾಸಿನಲ್ಲಿ ಗೇಮ್ ಹಾಕಿದ ಮಷೀನ್ ಇದ್ದದ್ದು ಒಂದೇ. ಸಂಜೆ ನಾಲ್ಕರಿಂದ ಐದರವರೆಗೆ ಅದು ನನ್ನದು. ಆ ಆಟದಲ್ಲಿ ಜಗತ್ತೇ ಹಾಳಾಗಿದೆ. ಉಳಿದದ್ದು ಮರಳು, ಮುರಿದ ಸೇತುವೆ, ಮೆಷಿನ್‌ಗನ್ ಕಟ್ಟಿದ ಗಾಡಿಗಳು. ಎದುರಾಳಿಯ ಗಾಡಿ ಪುಡಿ ಮಾಡಿ ಕೊನೆಯ ಪೆಟ್ರೋಲ್ ಡಬ್ಬಿ ಎತ್ತಿಕೊಂಡವರೇ ಗೆದ್ದಂತೆ. ಮನೆಯಲ್ಲಿ ಟ್ರ್ಯಾಕ್ಟರ್ ಇದ್ದರೂ ನನ್ನ ಕೈಗೆ ಸ್ಟೇರಿಂಗ್ ಕೊಟ್ಟವರಿಲ್ಲ. ಹಾಗಾಗಿ ಆ ಒಂದು ತಾಸು ನನಗೆ ಊಟಕ್ಕಿಂತ ಹೆಚ್ಚಾಗಿತ್ತು.

ಅದರ ಮೇಲೆ ಕಣ್ಣು ಹಾಕಿದವನು ಸಂಜೀವಕುಮಾರ, ಬಟ್ಟೆ ಅಂಗಡಿಯವರ ಮಗ.

"ಸುನಂದಾ, ನಿನಗ್ಯಾಕ ಬೇಕವಾ ಈ ಗುದ್ದಾಟ? ಟೈಪಿಂಗ್ ಮಾಡ್ಕೋತ ಕೂಡು. ನಾಕರ ತಾಸು ನನಗ ಬಿಡು" ಎಂದ, ಎಲ್ಲರ ಎದುರು. ನನಗೆ ಮೈ ಉರಿಯಿತು.

"ಆಡಿ ಗೆದ್ದು ತಗೋ. ಸೋತ್ರ ನಾ ಮತ್ತ ಈ ಮಷೀನ್ ಮುಟ್ಟೂದಿಲ್ಲ" ಎಂದುಬಿಟ್ಟೆ. ಕಲಿಸುವ ತಬ್ರೇಜ ಸರ್ ನಗುತ್ತ ಒಂದೇ ಕೀಬೋರ್ಡಿನ ಮುಂದೆ ಎರಡು ಕುರ್ಚಿ ಹಾಕಿಸಿದರು.

ಅವನು ಕೆಂಪು ಕಾರು ಆರಿಸಿದ. ನಾನು ಯಾರೂ ಮುಟ್ಟದ ಟ್ರೇಲರ್ ಲಾರಿ ತೆಗೆದುಕೊಂಡೆ. ಹಿಂದೆ ನಿಂತವರು ಹೋ ಎಂದು ನಕ್ಕರು.

"ಅದು ರಿವರ್ಸ್ ಬರಂಗಿಲ್ಲಲೇ, ಉಲ್ಟಾ ಹೊಡೀತೈತಿ!" ಎಂದು ಗೆಳತಿ ಇರಮ ನನ್ನ ಭುಜ ಚಿವುಟಿದಳು.

ಮೊದಲ ಎರಡು ನಿಮಿಷ ಅವನು ನನ್ನನ್ನು ಅಟ್ಟಾಡಿಸಿದ. ಲಾರಿಗೆ ಬೆಂಕಿ ಹತ್ತಿತು, ಜೀವ ಒಂದು ಚೂರು ಉಳಿಯಿತು. ದಿಕ್ಕು ತೋಚದೆ ಸೇತುವೆ ಕೆಳಗಿನ ಸಂದಿಗೆ ನುಗ್ಗಿದೆ. ಮುಂದೆ ಗೋಡೆ, ಬೆನ್ನಿಗೆ ಅವನ ಕಾರು.

"ಮುಗೀತು ನಿನ್ನ ಕತಿ!" ಎಂದು ಕುಣಿದಾಡಿದ.

ಆಲಮೇಲದ ನಮ್ಮ ಹೊಲದಲ್ಲಿ ಕಬ್ಬು ಏರಿಸುವಾಗ ಅಪ್ಪ ಟ್ರೇಲರನ್ನು ಬದುಗಳ ಸಂದಿಯಲ್ಲಿ ಹಿಂದಕ್ಕೆ ತರುತ್ತಿದ್ದ. "ಬಾಲ ಬಲಕ್ಕ ಹೋಗಬೇಕಂದ್ರ ಮೂತಿ ಎಡಕ್ಕ ತಿರುಗಸಬೇಕು" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಮಗ್ಗುಲಲ್ಲಿ ಕೂತು ನೂರು ಸಲ ನೋಡಿದ್ದೆ. ರಿವರ್ಸ್ ಒತ್ತಿ ಎಡಕ್ಕೆ ತಿರುಗಿಸಿದೆ.

ಅಂಗಡಿಯ ಸ್ಕೂಟರ್ ಬಿಟ್ಟರೆ ಬೇರೆ ಗಾಡಿ ಓಡಿಸದ ಸಂಜೀವಕುಮಾರ, ನನ್ನ ಬೆರಳು ಎಡಕ್ಕೆ ಒತ್ತಿದ್ದು ಕಂಡು ಲಾರಿಯೂ ಎಡಕ್ಕೇ ಬರುತ್ತದೆಂದು ತಿಳಿದು ಕಾರನ್ನು ಬಲಗಡೆಯ ಜಾಗಕ್ಕೆ ನುಗ್ಗಿಸಿದ. ಟ್ರೇಲರಿನ ಬಾಲ ಸರಕ್ಕನೆ ಬಲಕ್ಕೆ ಹೊರಳಿ ಅವನನ್ನು ಗೋಡೆಗೆ ಒತ್ತಿತು. ಢಮಾರ್! ಪರದೆಯಲ್ಲಿ ಅವನ ಪಾಲಿನ ಅರ್ಧ ಬೆಂಕಿಯಾಯಿತು. ನಾನು ಹೋಗಿ ಡಬ್ಬಿ ಎತ್ತಿಕೊಂಡೆ.

ಕುರ್ಚಿಯ ಮೇಲೆ ಹತ್ತಿ ಕಿರುಚಿದೆ. ಅಂಥ ಖುಷಿ ನನಗೆ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ. ಕೆಳಗಿನ ಹಿಟ್ಟಿನ ಗಿರಣಿಯವರು ಏನಾಯಿತೆಂದು ಮೆಟ್ಟಿಲು ಹತ್ತಿ ಬಂದರು.

ಸಂಜೀವಕುಮಾರ ಮುಖ ಕೆಂಪಗೆ ಮಾಡಿಕೊಂಡು ಬಾಗಿಲ ತನಕ ಹೋದ. ಅಲ್ಲೇ ನಿಂತ. ತಿರುಗಿ ಬಂದ.

"ಹಿಂದ ಹೆಂಗ ತಂದಿ ಅದನ್ನ? ನನಗೊಮ್ಮಿ ತೋರಸ್ತೀಯೇನು?"

"ನಾಳಿ ನಾಕಕ್ಕ ಬಾ" ಎಂದೆ. "ನಿಂತು ನೋಡು. ಕೀಬೋರ್ಡ್ ಮಾತ್ರ ಮುಟ್ಟಂಗಿಲ್ಲ."