ತಣ್ಣಗಾದ ಡಾಂಬರು

“ನೀರು ಬೇಕಂತೆ ನೀರು. ಕುಡಿಯೋದು, ಆಮೇಲೆ ಮರೆ ಹುಡುಕ್ಕೊಂಡು ಓಡೋದು. ನಿನ್ನ ಉಚ್ಚೆಗೂ ಕೂಲಿ ಕೊಡೋಕೆ ನಾನೇನು ನಿನ್ನ ಗಂಡನಾ? ಎತ್ತೇ ಸಲಿಕೆ.”

ಮೇಸ್ತ್ರಿ ಬೈದದ್ದು ಹೊಸಬಳಿಗೆ. ರಸ್ತೆ ಕೆಲಸಕ್ಕೆ ಬಂದು ಅವಳಿಗೆ ಅದು ಎರಡನೇ ದಿನ. ಉಳಿದ ಎಂಟು ಹೆಂಗಸರು ನಾವು ಹಳಬರು. ಲಾರಿ ಸುರಿದ ಬಿಸಿ ಡಾಂಬರನ್ನು ಹರಡುವುದು ನಮ್ಮ ಕೆಲಸ. ಮೇಲೆ ಬಿಸಿಲು, ಕೆಳಗೆ ಡಾಂಬರು. ಎರಡೂ ಕಡೆ ಬೇಯುತ್ತಿದ್ದೆವು. ಮರೆಯೇ ಇಲ್ಲದ ಬಯಲಲ್ಲಿ ಹೋಗುವುದೆಲ್ಲಿಗೆ ಎಂದು ಹಳಬರೂ ಬೆಳಗಿನಿಂದ ಬಾಯಿ ಒಣಗಿಸಿಕೊಂಡೇ ಇರುತ್ತಿದ್ದೆವು.

“ಹೊಸ ಮೈ ಕಣಣ್ಣ, ಬಿಸಿಲಿಗೆ ಪಳಗಬೇಕು. ಒಂದು ವಾರ ಅರ್ಧ ದಿನ ಮಾಡ್ಲಿ ಬಿಡು,” ಎಂದಳು ನಮ್ಮಲ್ಲಿ ಹಿರಿಯಳಾದ ದೊಡ್ಡಕ್ಕ.

“ಯಾಕೆ, ಇವಳೇನು ಮಹಾರಾಜನ ಮಗಳಾ?”

ಹನ್ನೆರಡರ ಹೊತ್ತಿಗೆ ಹೊಸಬಳು ಸಲಿಕೆಯನ್ನು ತಿರುಗುಮುರುಗಾಗಿ ಹಿಡಿದಿದ್ದಳು. ನನ್ನ ಮುಖ ನೋಡಿ, “ಅತ್ತೇ, ಬಟ್ಟೆ ಒಣಗಿದ್ವಾ?” ಎಂದಳು. ನಾನು ಅವಳ ಅತ್ತೆಯಲ್ಲ. ಮೈ ಮುಟ್ಟಿದರೆ ಕಾದ ಹೆಂಚು.

ದೊಡ್ಡಕ್ಕ ಸಲಿಕೆ ಎಸೆದಳು. ನಾವೂ ಎಸೆದೆವು. ಹೊಸಬಳನ್ನು ಎತ್ತಿಕೊಂಡು ಸೀದಾ ಇಂಜಿನಿಯರ್ ಸಾಹೇಬರ ಕಾರಿಗೆ ನಡೆದೆವು. ಸಾಹೇಬರು ಗಾಜು ಏರಿಸಿ, ಏಸಿ ಹಾಕಿಕೊಂಡು ರಸ್ತೆ ಕೆಲಸ ನೋಡಿಕೊಳ್ಳುತ್ತಿದ್ದರು. ದೊಡ್ಡಕ್ಕ ಹಿಂದಿನ ಬಾಗಿಲು ತೆಗೆದಳು.

“ಏಯ್, ಸೀಟು ಗಲೀಜಾಗುತ್ತೆ.”

“ಆಗುತ್ತೆ. ತೊಳೆದುಕೊಡ್ತೀವಿ. ಮೊದಲು ಆಸ್ಪತ್ರೆಗೆ ಓಡಿಸಿ ಸಾಹೇಬ್ರೇ. ಹೆಣ ಆದ್ರೆ ಅದನ್ನ ತೊಳೆಯೋಕೆ ನಮ್ಮ ಕೈಲಾಗಲ್ಲ.”

ಮೇಸ್ತ್ರಿ ತನಗೆಂದು ಇಟ್ಟುಕೊಂಡಿದ್ದ ಕ್ಯಾನಿನ ತಣ್ಣೀರನ್ನೆಲ್ಲ ಅವಳ ತಲೆಗೂ ಮೈಗೂ ಸುರಿದೆವು. ಸೀಟು ಕೆರೆಯಾಯಿತು. ಸಾಹೇಬರು ಹಲ್ಲು ಕಚ್ಚಿಕೊಂಡು ಕಾರು ಓಡಿಸಿದರು. ನಮ್ಮೆಂಟರಲ್ಲಿ ಒಬ್ಬಳಾದ ನನ್ನ ನಾದಿನಿ ಅವಳ ಪಕ್ಕದಲ್ಲಿ ಕೂತು ಹೋದಳು, ದಾರಿಯುದ್ದಕ್ಕೂ ಸೆರಗಿನಿಂದ ಹೊಸಬಳಿಗೆ ಗಾಳಿ ಹಾಕಿದಳಂತೆ.

ಉಳಿದವರು ಲಾರಿಯ ನೆರಳಲ್ಲಿ ಕಾಲು ಚಾಚಿ ಕೂತೆವು.

“ಎದ್ದೇಳ್ರೇ ಬೋಸುಡಿಗಳಾ, ಡಾಂಬರು ತಣ್ಣಗಾಗ್ತಿದೆ.”

“ನಾವೂ ತಣ್ಣಗಾಗ್ತಿದ್ದೀವಿ ಕಣಣ್ಣ,” ಎಂದಳು ದೊಡ್ಡಕ್ಕ.

ಮೊದಲು ನಕ್ಕವನು ಲಾರಿ ಡ್ರೈವರ್. ಆಮೇಲೆ ನಮ್ಮನ್ನು ಹಿಡಿಯುವವರೇ ಇಲ್ಲ. ಮೇಸ್ತ್ರಿ ರೋಷದಿಂದ ತಾನೇ ಸಲಿಕೆ ಹಿಡಿದ. ಹತ್ತು ಸಲ ಎಳೆದ, ಹನ್ನೊಂದನೆಯದಕ್ಕೆ ಏದುಸಿರು ಬಿಡುತ್ತ ಬಂದು ನಮ್ಮ ಸಾಲಿನ ಕೊನೆಯಲ್ಲಿ ಕುಕ್ಕರಿಸಿದ. ಸರಿದು ಜಾಗ ಕೊಟ್ಟೆವು. ಲಾರಿಯಲ್ಲಿದ್ದ ಡಾಂಬರು ಕಲ್ಲಾಯಿತು.

ಸಂಜೆ ನಾದಿನಿ ಸುದ್ದಿ ತಂದಳು. ಹೊಸಬಳು ಎದ್ದು ಕೂತಿದ್ದಾಳೆ, ಒಂದು ಚಪ್ಪಲಿ ಕಾಣುತ್ತಿಲ್ಲ ಎಂದು ನರ್ಸಮ್ಮನ ಜೊತೆ ಜಗಳ ತೆಗೆದಿದ್ದಾಳೆ.

ಮರುದಿನ ಬೆಳಿಗ್ಗೆ ಎರಡು ಡ್ರಮ್ ನೀರು ಬಂದಿತ್ತು. ನಾಲ್ಕು ತಗಡು ನಿಲ್ಲಿಸಿದ ಪಾಯಿಖಾನೆಯೂ ಬಂದಿತ್ತು. ಮೇಸ್ತ್ರಿಯ ಮುಖ ಹರಳೆಣ್ಣೆ ಕುಡಿದ ಹಾಗಿತ್ತು.

“ಕುಡೀರಿ, ಹೋಗಿ, ಏನು ಬೇಕಾದ್ರೂ ಮಾಡ್ಕೊಳ್ಳಿ. ಈಗಲಾದ್ರೂ ಸಲಿಕೆ ಹಿಡೀತೀರಾ?”

ದೊಡ್ಡಕ್ಕ ಒಂದು ತಂಬಿಗೆ ನೀರು ಗಟಗಟ ಕುಡಿದು ಬಾಯಿ ಒರೆಸಿಕೊಂಡಳು.

“ನೆರಳಿಗೆ ಚಪ್ಪರ ಎಲ್ಲಣ್ಣ?” ಎಂದು ಕೇಳಿ, ಅಲ್ಲೇ ರಸ್ತೆ ಮೇಲೆ ಕೂತುಬಿಟ್ಟಳು. ಅವಳ ಹಿಂದೆ ನಾವೂ ಕೂತೆವು. ಆಗತಾನೇ ಬಂದು ನಿಂತ ಲಾರಿಯಿಂದ ಬಿಸಿ ಹಬೆ ಏಳುತ್ತಿತ್ತು. ಮೇಸ್ತ್ರಿ ಅದನ್ನೊಮ್ಮೆ ನೋಡಿದ, ನಮ್ಮನ್ನೊಮ್ಮೆ ನೋಡಿದ, ಪಂಚೆ ಎತ್ತಿ ಕಟ್ಟಿಕೊಂಡು ಗಳ ಹುಡುಕಲು ಓಡಿದ.